ಕಾರ್ಡ್ ಮೇಲೆ ಮ್ಯಾನೇಜರ್, ಕೆಲಸದಲ್ಲಿ?

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರು. ಹೊರದೇಶದಲ್ಲಿರೋರಿಗೆ ಹೊಸದಾಗಿ ಎಚ್-1ಬಿ ವೀಸಾ ಅರ್ಜಿ ಹಾಕಬೇಕಾದರೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅನ್ನೋ ಆದೇಶ. ಮಾರನೇ ದಿನ ಪೂರ್ತಿ ನಮ್ಮ ಸ್ಟುಡಿಯೋದಲ್ಲಿ ಅದೇ ಚರ್ಚೆ. ಕೆಳಗೆ ಕೆಂಪು ಪಟ್ಟಿ, ಮೇಲೆ ವಿಮಾನದ ಗ್ರಾಫಿಕ್ಸ್, ನಡುವೆ ನಾನು. ಅವತ್ತು ಸಂಜೆ ಹೊತ್ತಿಗೆ ನನ್ನ ಫೋನಿಗೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇದ್ದವು. "ಸರ್, ಎಚ್-1ಬಿ ಹೋದರೆ ಹೋಗಲಿ, ಎಲ್-1 ಇದೆಯಲ್ಲ. ಮ್ಯಾನೇಜರ್ ಅಂತ ಹೋದರೆ ಆ ಲಕ್ಷ ಡಾಲರ್ ಇಲ್ಲ, ಗ್ರೀನ್ ಕಾರ್ಡೂ ಬೇಗ ಸಿಗತ್ತೆ. ನಾನು ಮ್ಯಾನೇಜರೇ."

ಮೊದಲ ಮಾತು ಸರಿ, ಎಲ್-1ಗೆ ಆ ಹಣ ಇಲ್ಲ. ಎರಡನೆಯದೂ ಸುಮಾರಾಗಿ ಸರಿ. ಕೊನೆಯ ಎರಡು ಪದ ಇದೆಯಲ್ಲ, "ನಾನು ಮ್ಯಾನೇಜರೇ" ಅನ್ನೋದು, ಅದರ ಬಗ್ಗೆ ಇವತ್ತು ಮಾತಾಡೋಣ. ಯಾಕಂದ್ರೆ ಆ ಎರಡು ಪದವನ್ನ ರುಜುವಾತು ಮಾಡೋಕೆ ಹೋಗಿ ನನ್ನ ಒಬ್ಬ ಗೆಳೆಯ ಎಂಬತ್ತು ದಿನ ನಿದ್ದೆ ಕಳೆದುಕೊಂಡಿದ್ದನ್ನ ನಾನು ಹತ್ತಿರದಿಂದ ನೋಡಿದ್ದೇನೆ.

ನಾವಿಬ್ಬರೂ 2009ರಲ್ಲಿ ಇಂಜಿನಿಯರಿಂಗ್ ಮುಗಿಸಿದವರು. ಒಂದೇ ಬೆಂಚು, ಒಂದೇ ಹಾಸ್ಟೆಲ್ಲು, ಒಂದೇ ಕಂಪನಿಗೆ ಕ್ಯಾಂಪಸ್ ಸೆಲೆಕ್ಷನ್ನು. ನಾನು ಎರಡು ವರ್ಷ ಕೋಡ್ ಬರೆದು, ಬಿಟ್ಟು, ಟಿವಿಗೆ ಬಂದೆ. ಅವನು 2013ರಲ್ಲಿ ಎಚ್-1ಬಿ ಮೇಲೆ ಅಮೆರಿಕಕ್ಕೆ ಹೋದ. ಜೊತೆಗೆ ಹೆಂಡತಿ, ಮೈಸೂರಲ್ಲಿ ಹುಟ್ಟಿದ ಆರು ತಿಂಗಳ ಮಗಳು. ಹೆಸರು ಬೇಡ. ಕಂಪನಿ ಹೆಸರೂ ಬೇಡ. 2023ರ ಆಗಸ್ಟಲ್ಲಿ ಒಂದು ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಅವನ ಫೋನು. "ಮಗಾ, ಆರ್‌ಎಫ್‌ಇ ಬಂದಿದೆ. ನೀನು ದಿನಾ ಬರೀತೀಯಲ್ಲ, ಒಂದು ಲೆಟರ್ ಓದಿ ಹೇಳ್ತೀಯಾ?"

ಆರ್‌ಎಫ್‌ಇ ಅಂದ್ರೆ, ನಿಮ್ಮ ಅರ್ಜಿ ನೋಡಿದ್ದೇವೆ, ನಂಬಿಕೆ ಬಂದಿಲ್ಲ, ಇನ್ನಷ್ಟು ಸಾಕ್ಷ್ಯ ಕೊಡಿ ಅನ್ನೋ ನೋಟಿಸು. ಕಳಿಸೋದು ಅಮೆರಿಕದ ವಲಸೆ ಇಲಾಖೆ, ಯುಎಸ್‌ಸಿಐಎಸ್. ಉತ್ತರ ಕೊಡೋಕೆ ಹೆಚ್ಚೆಂದರೆ 84 ದಿನ. ಆ ನೋಟಿಸಿನ ಸಾರ ಇಷ್ಟೇ: ಈ ವ್ಯಕ್ತಿ ಮ್ಯಾನೇಜರ್ ಅಂತ ನೀವು ಹೇಳುತ್ತಿದ್ದೀರಿ, ನೀವು ಕೊಟ್ಟ ಕಾಗದ ನೋಡಿದರೆ ಹಾಗೆ ಕಾಣುತ್ತಿಲ್ಲ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಲೇಬೇಕು, ಇಲ್ಲಾಂದ್ರೆ ಅವನ ಪಣದಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾಗೋದಿಲ್ಲ.

ಅಮೆರಿಕ ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತೆ. ಇದರಲ್ಲಿ ಹೆಂಡತಿ, ಗಂಡ, ಮಕ್ಕಳೂ ಸೇರಿದರು. ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತಕ್ಕೂ 7, ಐಸ್‌ಲ್ಯಾಂಡಿಗೂ 7. ನಮ್ಮವರ ಸಾಲು ಎಷ್ಟು ಉದ್ದ ಅಂದರೆ, 2025ರ ಜುಲೈ ತಿಂಗಳ ವೀಸಾ ಬುಲೆಟಿನ್ ಪ್ರಕಾರ ಇಬಿ-2 ವರ್ಗದಲ್ಲಿ ಭಾರತದ ಸರದಿ ಇದ್ದದ್ದು 2013ರ ಜನವರಿ 1ರ ಹತ್ತಿರ. ಅಂದರೆ ಹನ್ನೆರಡು ವರ್ಷ ಹಿಂದೆ ಅರ್ಜಿ ಹಾಕಿದವರ ಪಾಳಿ. ಅದೇ ಬುಲೆಟಿನ್ನಲ್ಲಿ ಇಬಿ-1 ವರ್ಗದಲ್ಲಿ ಭಾರತದ ಸರದಿ 2022ರ ಫೆಬ್ರವರಿ 15. ಒಂದೇ ದೇಶ, ಒಂದೇ ಆಫೀಸು, ಪಕ್ಕಪಕ್ಕದ ಕುರ್ಚಿ, ಒಂಬತ್ತು ವರ್ಷದ ಅಂತರ.

ಆ ಇಬಿ-1ರ ಒಳಗೆ ಮೂರನೇ ಬಾಗಿಲು ಒಂದಿದೆ. ಇಬಿ-1ಸಿ. ಬಹುರಾಷ್ಟ್ರೀಯ ಕಂಪನಿಯ ಮ್ಯಾನೇಜರ್ ಅಥವಾ ಎಕ್ಸಿಕ್ಯೂಟಿವ್‌ಗೆ. ಈ ಬಾಗಿಲಲ್ಲಿ ಹೋಗೋದಕ್ಕೆ ಲೇಬರ್ ಸರ್ಟಿಫಿಕೇಶನ್ ಬೇಡ, ಅಂದರೆ ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ಜಾಹೀರಾತು ಕೊಟ್ಟು ತೋರಿಸಬೇಕಾಗಿಲ್ಲ. ಆದರೆ ಒಂದು ಷರತ್ತು. ಅಮೆರಿಕಕ್ಕೆ ಬರುವ ಮುಂಚಿನ ಮೂರು ವರ್ಷದಲ್ಲಿ ಕನಿಷ್ಠ ಒಂದು ವರ್ಷ, ಅದೇ ಕಂಪನಿಯ ಹೊರದೇಶದ ಶಾಖೆಯಲ್ಲೋ, ಮಾತೃಸಂಸ್ಥೆಯಲ್ಲೋ ಮ್ಯಾನೇಜರ್ ಆಗಿ ಕೆಲಸ ಮಾಡಿರಬೇಕು.

ಈಗ ನಮ್ಮ ಬೆಂಗಳೂರು ಈ ಕಥೆಗೆ ಬರುತ್ತೆ. ಅಮೆರಿಕದಲ್ಲಿ ಏಳೆಂಟು ವರ್ಷ ಇದ್ದವರು ಯಾಕೆ ಇದ್ದಕ್ಕಿದ್ದ ಹಾಗೆ ಒಂದು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಬರ್ತಾರೆ, ಮಕ್ಕಳನ್ನ ಇಲ್ಲಿ ಸ್ಕೂಲಿಗೆ ಸೇರಿಸ್ತಾರೆ, ಮತ್ತೆ ಮಾಯ ಆಗ್ತಾರೆ ಅಂತ ನಿಮಗೆ ಅನ್ನಿಸಿರಬಹುದು. ಅಮ್ಮನಿಗೆ ಹುಷಾರಿಲ್ಲ ಅಂತ ಬಂದವರೂ ಇದ್ದಾರೆ, ಸುಳ್ಳಲ್ಲ. ಆದರೆ ಎಷ್ಟೋ ಜನಕ್ಕೆ ಅದು ಮ್ಯಾನೇಜರ್ ವರ್ಷ. ನನ್ನ ಗೆಳೆಯ 2021ರ ಜನವರಿಯಲ್ಲಿ ಬಂದ, 2022ರ ಮಾರ್ಚಲ್ಲಿ ಎಲ್-1ಎ ಮೇಲೆ ವಾಪಸ್ ಹೋದ. ಹದಿನಾಲ್ಕು ತಿಂಗಳು. ಇದರಲ್ಲಿ ಕಾನೂನು ಮುರಿಯೋದು ಏನೂ ಇಲ್ಲ, ಆ ಹದಿನಾಲ್ಕು ತಿಂಗಳು ಅವನು ನಿಜಕ್ಕೂ ಮ್ಯಾನೇಜರ್ ಆಗಿದ್ದರೆ.

ಅವನ ಹಳೆಯ ಇಬಿ-2 ಅರ್ಜಿಯ ದಿನಾಂಕ 2016. ಇಬಿ-1ಸಿ ಒಪ್ಪಿಗೆಯಾದರೆ ಆ 2016ರ ದಿನಾಂಕ ಹೊಸ ಅರ್ಜಿಗೂ ಬರುತ್ತೆ, ಅವನು ನೇರವಾಗಿ ಸಾಲಿನ ಮುಂದೆ. ಒಪ್ಪಿಗೆಯಾಗದಿದ್ದರೆ ಮತ್ತೆ ಆ ಉದ್ದನೆ ಸಾಲು. ಎಲ್-1ಎ ವೀಸಾ ಏಳು ವರ್ಷಕ್ಕಿಂತ ಜಾಸ್ತಿ ಎಳೆಯೋಕೆ ಆಗಲ್ಲ. ಮಗಳಿಗೆ ಆಗ ಹತ್ತು ವರ್ಷ. 21 ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಗೆ. ಮೈಸೂರಲ್ಲಿ ಆರು ತಿಂಗಳು ಇದ್ದ ಮಗು ಅದು. ಕನ್ನಡ ಅರ್ಥ ಆಗುತ್ತೆ, ಉತ್ತರ ಇಂಗ್ಲಿಷಲ್ಲಿ ಕೊಡುತ್ತೆ. ಅದನ್ನ ಕರ್ಕೊಂಡು ಎಲ್ಲಿಗೆ ಬರೋದು ಅನ್ನೋದು ಅವನ ಹೆಂಡತಿಯ ಪ್ರಶ್ನೆ. ಪಣದಲ್ಲಿ ಇದ್ದದ್ದು ಇದು.

ಸರಿ, ಮ್ಯಾನೇಜರ್ ಅಂದ್ರೆ ಯಾರು?

ನಮ್ಮ ಅಪ್ಪಂದಿರ ಕಾಲದಲ್ಲಿ ಮ್ಯಾನೇಜರ್ ಅಂದ್ರೆ ಬ್ಯಾಂಕ್ ಮ್ಯಾನೇಜರ್. ಗಾಜಿನ ಕ್ಯಾಬಿನ್ನು, ಮೇಜಿನ ಮೇಲೆ ಗಂಟೆ, ಊರಿಗೊಬ್ಬರು. ನಮ್ಮ ಕಾಲದಲ್ಲಿ ಔಟರ್ ರಿಂಗ್ ರೋಡಿನ ಸಿಗ್ನಲ್ಲಲ್ಲಿ ನಿಂತ ಯಾವ ಕಾರಿನ ಗಾಜು ಇಳಿಸಿ ಕೇಳಿದರೂ ಒಳಗಿರೋದು ಮ್ಯಾನೇಜರ್ರೇ. ಪ್ರಾಜೆಕ್ಟ್ ಮ್ಯಾನೇಜರ್, ಪ್ರಾಡಕ್ಟ್ ಮ್ಯಾನೇಜರ್, ಡೆಲಿವರಿ ಮ್ಯಾನೇಜರ್, ಅಕೌಂಟ್ ಮ್ಯಾನೇಜರ್. ಸಂಬಳ ಏರಿಸೋಕೆ ಆಗದ ವರ್ಷ ಪದವಿ ಏರಿಸ್ತಾರೆ, ಇದು ಎಲ್ಲರಿಗೂ ಗೊತ್ತು.

ಅಮೆರಿಕದ ವಲಸೆ ಕಾನೂನಿಗೆ ಈ ಕಾರ್ಡಿನ ಮೇಲಿನ ಹೆಸರು ಬೇಡ. 1990ರ ವಲಸೆ ಕಾಯಿದೆಯಲ್ಲಿ ಬಂದ ವ್ಯಾಖ್ಯೆ ಒಂದಿದೆ, ಸೆಕ್ಷನ್ 101(ಎ)(44). ಅದನ್ನ ಹಾಗೇ ಓದಿದರೆ ನೀವು ಚಾನೆಲ್ ಬದಲಾಯಿಸ್ತೀರಿ. ಮದುವೆ ಮನೆಗೆ ಕರ್ಕೊಂಡು ಹೋಗ್ತೀನಿ ಬನ್ನಿ.

ಐನೂರು ಎಲೆ ಊಟ. ಅಡುಗೆ ಮನೆಯಲ್ಲಿ ದೊಡ್ಡ ಭಟ್ಟರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಏನೂ ಇಲ್ಲ. ಹುಳಿಗೆ ಒಬ್ಬ, ಪಲ್ಯಕ್ಕೆ ಒಬ್ಬ, ಸಿಹಿಗೆ ಒಬ್ಬ. "ಬೇಳೆ ಇನ್ನೂ ಬೇಯ್ಲಿ. ಪಾಯಸ ಇಳ್ಸು. ಎರಡನೇ ಪಂಕ್ತಿಗೆ ಅನ್ನ ಈಗಲೇ ಇಡು. ಆ ಹುಡುಗ ನಾಳೆ ಬೇಡ, ಬೇರೆಯವನನ್ನ ಕರೆಸು." ಕಾನೂನು ಕೇಳೋ ನಾಲ್ಕೂ ಇಲ್ಲಿದೆ. ಒಂದು ಸಂಸ್ಥೆಯನ್ನೋ, ಅದರ ಒಂದು ವಿಭಾಗವನ್ನೋ, ಒಂದು ಕಾರ್ಯವನ್ನೋ ನಡೆಸಬೇಕು. ಕೆಳಗಿರುವವರು ತಾವೇ ಮೇಲ್ವಿಚಾರಕರೋ, ವೃತ್ತಿಪರರೋ, ಮ್ಯಾನೇಜರುಗಳೋ ಆಗಿದ್ದು ಅವರ ಕೆಲಸ ಇವರ ಹತೋಟಿಯಲ್ಲಿ ಇರಬೇಕು. ಅವರನ್ನ ತೆಗೆದುಕೊಳ್ಳೋ, ತೆಗೆದುಹಾಕೋ ಅಧಿಕಾರ, ಕೊನೆಗೆ ಶಿಫಾರಸು ಮಾಡೋ ಅಧಿಕಾರವಾದರೂ ಇರಬೇಕು. ದಿನದಿನದ ನಿರ್ಧಾರ ಇವರದ್ದಾಗಿರಬೇಕು. ಇವೆಲ್ಲಕ್ಕೂ ಮೊದಲು ಒಂದು ಪದ ಇದೆ: ಮುಖ್ಯವಾಗಿ. ಭಟ್ಟರು ಆಗಾಗ ಸೌಟು ಹಿಡಿದು ಉಪ್ಪು ನೋಡಬಹುದು, ತಪ್ಪಿಲ್ಲ. ದಿನವಿಡೀ ಅವರೇ ಒಗ್ಗರಣೆ ಹಾಕ್ತಾ ನಿಂತರೆ ಆ ಕಾನೂನಿನ ಕಣ್ಣಿಗೆ ಅವರು ಅಡುಗೆಯವರು. ಎಷ್ಟೇ ಒಳ್ಳೆಯ ಅಡುಗೆಯವರಾದರೂ ಸರಿ.

ಮೇಸ್ತ್ರಿಗೆ ಈ ಬಾಗಿಲು ಇಲ್ಲ. ಕೂಲಿಯವರ ಮೇಲೆ ನಿಂತು ಕೆಲಸ ಮಾಡಿಸೋ ಮೊದಲ ಹಂತದ ಸೂಪರ್‌ವೈಸರ್, ಅಷ್ಟರಿಂದಲೇ ಮ್ಯಾನೇಜರ್ ಆಗೋದಿಲ್ಲ ಅಂತ ಕಾನೂನೇ ಬಿಡಿಸಿ ಹೇಳಿದೆ. ಅವರ ಕೈಕೆಳಗಿನವರು ವೃತ್ತಿಪರರಾಗಿದ್ದರೆ ಮಾತ್ರ ಬೇರೆ ಮಾತು. ಇಂಜಿನಿಯರು, ವಕೀಲರು, ವೈದ್ಯರು, ಶಿಕ್ಷಕರು ಈ ಥರದವರು. ಹಾಗಾಗಿ ಸಾಫ್ಟ್‌ವೇರ್ ಇಂಜಿನಿಯರುಗಳ ತಂಡ ನಡೆಸೋರಿಗೆ ದಾರಿ ಇದೆ. ಇಲ್ಲೂ ಒಂದು ಕೊಕ್ಕೆ. ಆ ಹುಡುಗರ ಹತ್ತಿರ ಬಿಇ ಇದ್ದರೆ ಸಾಲದು, ಆ ಹುದ್ದೆಗೆ ಬಿಇ ಬೇಕೇ ಬೇಕು ಅಂತ ಇರಬೇಕು.

ನನ್ನನ್ನೇ ತಗೊಳ್ಳಿ. ನನ್ನ ವಿಸಿಟಿಂಗ್ ಕಾರ್ಡಲ್ಲಿ ಅಸೋಸಿಯೇಟ್ ಎಡಿಟರ್ ಅಂತ ಇದೆ. ಆದರೆ ನಾನು ದಿನಕ್ಕೆ ಆರು ಗಂಟೆ ಓದ್ತೀನಿ, ಬರೀತೀನಿ, ಕ್ಯಾಮೆರಾ ಮುಂದೆ ಕೂರ್ತೀನಿ. ಯಾವ ಸುದ್ದಿ ಮೊದಲು, ಯಾವ ರಿಪೋರ್ಟರ್ ಎಲ್ಲಿಗೆ ಅಂತ ತೀರ್ಮಾನ ಮಾಡೋರು ಔಟ್‌ಪುಟ್ ಮತ್ತು ಇನ್‌ಪುಟ್ ಮುಖ್ಯಸ್ಥರು. ಅವರ ಮುಖ ನೀವು ಯಾವತ್ತೂ ನೋಡಿಲ್ಲ. ಅಮೆರಿಕದ ಅಧಿಕಾರಿ ಬಂದರೆ ಅವರಿಗೆ ಮ್ಯಾನೇಜರ್ ಅಂತ ಬರೀತಾರೆ, ನನಗೆ ಇಲ್ಲ. ನನ್ನ ಮನೆಯವರಿಗೆ ಮಾತ್ರ ಇದು ಗೊತ್ತಿಲ್ಲ.

ಈಗ ಆ ಲೆಟರ್‌ಗೆ ಬರ್ತೀನಿ. ಕಂಪನಿಯವರು ಮೊದಲ ಅರ್ಜಿಯ ಜೊತೆ ಕೊಟ್ಟಿದ್ದ ಪತ್ರ, ನಾಲ್ಕು ಪುಟ. ರಾತ್ರಿ ಹನ್ನೊಂದಕ್ಕೆ ಓದೋಕೆ ಕೂತೆ. ಓದ್ತಾ ಓದ್ತಾ ನನಗೆ ಗೆಳೆಯನ ಮೇಲೆ ಹೆಮ್ಮೆ ಬಂತು. ಇವನು ಅತ್ಯಂತ ಕ್ಲಿಷ್ಟ ದೋಷಗಳನ್ನ ಸ್ವತಃ ಸರಿಪಡಿಸ್ತಾನೆ. ಗ್ರಾಹಕರ ಸಿಸ್ಟಮ್ ನಿಂತರೆ ರಾತ್ರಿ ಮೂರಕ್ಕೂ ಲಾಗಿನ್ ಆಗ್ತಾನೆ. ಕೋಡ್ ವಿಮರ್ಶೆ ಮಾಡ್ತಾನೆ, ಟೆಸ್ಟ್ ಬರೀತಾನೆ, ಆರ್ಕಿಟೆಕ್ಚರ್ ರಚಿಸ್ತಾನೆ, ಗ್ರಾಹಕರಿಗೆ ವರದಿ ತಯಾರಿಸ್ತಾನೆ. ಇಂಥವನಿಗೆ ಗ್ರೀನ್ ಕಾರ್ಡ್ ಕೊಡದೆ ಇನ್ನಾರಿಗೆ ಕೊಡಬೇಕು?

ಆಮೇಲೆ ನೋಟಿಸ್ ತೆಗೆದು ಓದಿದೆ. ಆ ಅಧಿಕಾರಿ ಮಾಡಿದ್ದು ಇಷ್ಟೇ: ನಾನು ಹೆಮ್ಮೆಪಟ್ಟ ಪ್ರತಿಯೊಂದು ಸಾಲನ್ನೂ ಎತ್ತಿ ಬರೆದು, ಇದು ಕೆಲಸ ಮಾಡೋದು, ಮಾಡಿಸೋದಲ್ಲ ಅಂದಿದ್ದರು. ಉಳಿದ ಸಾಲುಗಳು, ಅಂದರೆ "ವಿಭಾಗವನ್ನು ನಿರ್ವಹಿಸುತ್ತಾರೆ, ವಿವೇಚನಾಧಿಕಾರ ಚಲಾಯಿಸುತ್ತಾರೆ" ಅನ್ನೋ ಸಾಲುಗಳು, ಕಾನೂನಿನ ಪುಸ್ತಕದಿಂದ ಹಾಗೇ ಇಳಿಸಿದವು. ಅವಕ್ಕೆ ತೂಕವಿಲ್ಲ. ಇದು ಇವತ್ತಿನ ಹಠವೇನಲ್ಲ. 1989ರಲ್ಲೇ ನ್ಯೂಯಾರ್ಕಿನ ಫೆಡರಲ್ ಕೋರ್ಟು ಫೆಡಿನ್ ಬ್ರದರ್ಸ್ ಅನ್ನೋ ಕಂಪನಿಯ ಕೇಸಲ್ಲಿ ಇದನ್ನ ಹೇಳಿ ಆಗಿದೆ: ವ್ಯಾಖ್ಯೆಯನ್ನ ತಿರುಗಿಸಿ ನಮಗೇ ಒಪ್ಪಿಸಬೇಡಿ, ಆ ಮನುಷ್ಯ ನಿಜವಾಗಿ ಏನು ಮಾಡ್ತಾನೆ ಅಂತ ಹೇಳಿ.

ನೋಡಿ, ಇದು ನಮ್ಮ ಬುಡಕ್ಕೇ ಬರೋ ವಿಷಯ. ನಮ್ಮ ಆಫೀಸುಗಳಲ್ಲಿ ಯಾರನ್ನ ಹೊಗಳ್ತೀವಿ? ಎಲ್ಲವನ್ನೂ ತಾನೇ ಮೈಮೇಲೆ ಹಾಕಿಕೊಂಡು ಮಾಡೋನನ್ನ. ರಜೆಯಲ್ಲೂ ಲ್ಯಾಪ್‌ಟಾಪ್ ತೆರೆಯೋನನ್ನ. "ಅವನಿಗೆ ಒಪ್ಪಿಸಿದ್ರೆ ತಲೆನೋವಿಲ್ಲ, ಕೂತು ಮುಗಿಸ್ತಾನೆ" ಅಂತೀವಿ. ಕೆಲಸ ಹಂಚಿ, ಮೇಲೆ ನಿಂತು ನೋಡೋನಿಗೆ ನಾವು ಏನಂತೀವಿ? "ಬರೀ ಮಾತು." ಗೆಳೆಯನ ಅಪ್ರೈಸಲ್‌ಗಳಲ್ಲಿ ಹತ್ತು ವರ್ಷದಿಂದ ಬಂದ ಒಳ್ಳೆಯ ಮಾತುಗಳೆಲ್ಲ ಮೊದಲನೆಯ ಜಾತಿಯವು. ಅವೇ ಈಗ ಅವನ ವಿರುದ್ಧ ಸಾಕ್ಷಿ.

ನೋಟಿಸಿನಲ್ಲಿ ಕೇಳಿದ್ದೂ ತೀರಾ ನಿರ್ದಿಷ್ಟ. ವಾರದ ಸಮಯದಲ್ಲಿ ಯಾವ ಕೆಲಸಕ್ಕೆ ಶೇಕಡಾ ಎಷ್ಟು? ಕೈಕೆಳಗಿನವರು ಯಾರು, ಅವರ ಹುದ್ದೆ, ಓದು, ಕೆಲಸ ಏನು? ಇವನು ಮಾಡಿಸೋನು ಅಂದಮೇಲೆ ಮಾಡೋರು ಯಾರು? ಬೆಂಗಳೂರಿನ ಹದಿನಾಲ್ಕು ತಿಂಗಳಿಗೂ, ಅಮೆರಿಕದ ಈಗಿನ ಹುದ್ದೆಗೂ ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು.

ಎರಡನೇ ವಾರದಲ್ಲಿ ಕಂಪನಿಯ ಯಾರೋ ಒಬ್ಬರು ಒಂದು ಸುಲಭದ ದಾರಿ ಹೇಳಿದರು. ಬೆಂಗಳೂರಿನ ತಂಡದ ನಕ್ಷೆಯಲ್ಲಿ, ಅಂದರೆ ಆರ್ಗನೈಸೇಶನ್ ಚಾರ್ಟಲ್ಲಿ, ಪಕ್ಕದ ತಂಡದ ಇಪ್ಪತ್ತು ಜನರನ್ನೂ ಇವನ ಕೆಳಗೆ ಸೇರಿಸಿಬಿಡೋಣ. ಯಾರು ಬಂದು ನೋಡ್ತಾರೆ? ಅವನು ನನಗೆ ಫೋನ್ ಮಾಡಿ ಕೇಳಿದ ಧ್ವನಿ ನನಗಿನ್ನೂ ನೆನಪಿದೆ. ಬೇಡ ಅನ್ನು ಅಂತ ಕೇಳ್ತಿದ್ದನೋ, ಸರಿ ಅನ್ನು ಅಂತ ಕೇಳ್ತಿದ್ದನೋ ಗೊತ್ತಾಗಲಿಲ್ಲ. ನಾನು ಹೇಳಿದೆ, "ಲೋ, ಆ ಇಪ್ಪತ್ತು ಜನರಲ್ಲಿ ಐದು ಜನ ಲಿಂಕ್ಡ್‌ಇನ್‌ನಲ್ಲಿ ಬೇರೆ ಮ್ಯಾನೇಜರ್ ಹೆಸರು ಹಾಕಿರ್ತಾರೆ."

ಅದು ತಮಾಷೆ ಅಲ್ಲ. ವಲಸೆ ಇಲಾಖೆಯಲ್ಲಿ ವಂಚನೆ ಪತ್ತೆಗೇ ಒಂದು ವಿಭಾಗ ಇದೆ, ಆಫೀಸಿಗೆ ಬಂದು ವಿಚಾರಿಸ್ತಾರೆ. ವೀಸಾ ಸಂದರ್ಶನದಲ್ಲಿ ಹೇಳಿದ್ದು, ಹಳೆಯ ಅರ್ಜಿಯಲ್ಲಿ ಬರೆದದ್ದು ಎಲ್ಲ ಕಡತದಲ್ಲಿರುತ್ತೆ. ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದ್ದು ಸಾಬೀತಾದರೆ ಆ ಅರ್ಜಿ ಬಿದ್ದುಹೋಗೋದು ಸಣ್ಣ ಮಾತು. ಆ ವ್ಯಕ್ತಿಗೆ ಅಮೆರಿಕದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು, ವಿನಾಯಿತಿ ಸಿಕ್ಕರೆ ಪುಣ್ಯ. ಚಾರ್ಟ್ ಬರೆದುಕೊಟ್ಟ ಕಂಪನಿಯವರು ತಮ್ಮ ಕುರ್ಚಿಯಲ್ಲೇ ಇರ್ತಾರೆ. ಎಲ್-1 ಸಂದರ್ಶನಕ್ಕೆ ಚೆನ್ನೈಗೆ ಹೋಗಿ ಬಂದ ನಮ್ಮ ಹುಡುಗರನ್ನ ಕೇಳಿ. ಗಾಜಿನ ಆಚೆ ಇರೋರು ಕೇಳೋ ಮೊದಲ ಪ್ರಶ್ನೆಗಳಲ್ಲಿ ಒಂದು, ನಿಮ್ಮ ಕೆಳಗೆ ಎಷ್ಟು ಜನ, ಅವರು ಏನು ಮಾಡ್ತಾರೆ ಅನ್ನೋದೇ. ಈ ಥರ ಊದಿಸಿದ ಚಾರ್ಟ್ ನೋಡಿ ನೋಡಿ ಅವರಿಗೂ ಸಾಕಾಗಿದೆ, ಅದರ ಬೆಲೆ ತೆರೋರು ನಿಜವಾದ ಮ್ಯಾನೇಜರುಗಳು. ಹೀಗೆ ಮಾಡೋ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡೋದಿಲ್ಲ.

ಗೆಳೆಯ ಬೇಡ ಅಂದ. ಆಮೇಲೆ ನಿಜವನ್ನ ಹುಡುಕೋ ಕೆಲಸ ಶುರುವಾಯ್ತು. ಆಶ್ಚರ್ಯ ಅಂದರೆ ನಿಜ ಸಾಕಷ್ಟು ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

2021 ಕೋವಿಡ್ ವರ್ಷ. ಅವನು ಜಯನಗರದ ಬಾಡಿಗೆ ಮನೆಯಿಂದಲೇ ಕೆಲಸ ಮಾಡಿದ್ದ. ಎದುರು ಕೂತು ಬಾಯಲ್ಲಿ ಹೇಳೋದೆಲ್ಲ ಆ ವರ್ಷ ಬರಹದಲ್ಲಿ ಆಗಿತ್ತು. ಅದೇ ಅವನನ್ನ ಕಾಪಾಡಿತು. ಅವನ ಕೆಳಗೆ ಇಬ್ಬರು ಟೀಮ್ ಲೀಡುಗಳು, ಅವರ ಕೆಳಗೆ ಒಂಬತ್ತು ಇಂಜಿನಿಯರುಗಳು. ಒಟ್ಟು ಹನ್ನೊಂದು ಜನ. ರಜೆಗೆ ಒಪ್ಪಿಗೆ ಕೊಟ್ಟ ದಾಖಲೆಗಳು ಪೋರ್ಟಲ್ಲಿನಲ್ಲಿ ಇದ್ದವು, ಅವನ ಹೆಸರಲ್ಲಿ. ಎರಡನೇ ಅಲೆಯಲ್ಲಿ ಒಬ್ಬ ಹುಡುಗನ ತಂದೆ ತೀರಿಕೊಂಡಾಗ ಮೂರು ವಾರ ರಜೆ ಕೊಟ್ಟು, ಅವನ ಕೆಲಸವನ್ನ ಇನ್ನಿಬ್ಬರಿಗೆ ಹಂಚಿ ಬರೆದ ಮೇಲ್ ಒಂದಿತ್ತು. ವಕೀಲರು ಅದನ್ನ ಓದಿ, ಇಂಥದ್ದು ಹತ್ತು ಕೊಡಿ ಅಂದರಂತೆ. ಸಂದರ್ಶನ ಮಾಡಿ ಮೂವರನ್ನ ಸೇರಿಸಿಕೊಳ್ಳಿ ಅಂತ ಮಾಡಿದ ಶಿಫಾರಸು, ಒಬ್ಬನನ್ನ ಪ್ರೊಬೇಷನ್ ಮುಗಿಸದೆ ಕಳಿಸಿದ ಕಾಗದ, ಅವನು ಬರೆದ ಅಪ್ರೈಸಲ್‌ಗಳು. ಅವನಿಗೆ ಬಂದವಲ್ಲ, ಗಮನಿಸಿ, ಅವನು ಬೇರೆಯವರಿಗೆ ಬರೆದವು. ಬಜೆಟ್‌ನಲ್ಲಿ ಅವನು ಸಹಿ ಹಾಕಿದ ಪುಟಗಳು. ಕೋಡ್ ಯಾರು ಬರೆದರು ಅನ್ನೋದಕ್ಕೆ ಕೋಡಿನ ದಾಖಲೆಯೇ ಇತ್ತು. ಆ ಹದಿನಾಲ್ಕು ತಿಂಗಳಲ್ಲಿ ಅವನ ಹೆಸರಲ್ಲಿ ಬಂದ ಸಾಲುಗಳು ಕಡಿಮೆ, ಹುಡುಗರ ಹೆಸರಲ್ಲೇ ಬಹುಪಾಲು.

ಹನ್ನೊಂದು ಜನರ ಪದವಿ ಪತ್ರಗಳೂ ಬೇಕಿತ್ತು. ಅವರಲ್ಲಿ ಎಷ್ಟೋ ಜನ ಕಂಪನಿ ಬಿಟ್ಟು ಹೋಗಿದ್ದರು. ಅವನೇ ಒಬ್ಬೊಬ್ಬರಿಗೂ ಫೋನ್ ಮಾಡಿದ. ವಿಟಿಯು ಸರ್ಟಿಫಿಕೇಟುಗಳು ವಾಟ್ಸ್ಆ್ಯಪಲ್ಲಿ ಬರೋಕೆ ಶುರುವಾದವು. ಒಬ್ಬ ಹುಡುಗ ಮಾರ್ಕ್ಸ್ ಕಾರ್ಡ್ ಕಳಿಸಿ, "ಸರ್, ಮೂರನೇ ಸೆಮ್ ನೋಡಬೇಡಿ" ಅಂತ ಬರೆದಿದ್ದ.

ಇಲ್ಲಿ ಒಂದು ಅನ್ಯಾಯ ಹೇಳಬೇಕು. ಈ ಅರ್ಜಿ ಕಾನೂನಿನ ಪ್ರಕಾರ ಗೆಳೆಯನದ್ದಲ್ಲ, ಕಂಪನಿಯದ್ದು. ಅರ್ಜಿದಾರ ಕಂಪನಿ, ಇವನು ಫಲಾನುಭವಿ ಅಷ್ಟೇ. ಮೊದಲ ಸಲ ಪತ್ರ ಹೋದಾಗ ಅದರಲ್ಲಿ ಏನು ಬರೆದಿದೆ ಅಂತ ಅವನಿಗೆ ತೋರಿಸಿಯೇ ಇರಲಿಲ್ಲ. ನೋಟಿಸ್ ಬಂದಮೇಲೆ, ಬೇಡಿಕೊಂಡ ಮೇಲೆ, ಪ್ರತಿ ಸಿಕ್ಕಿತು. ಯಾರ ಬದುಕು ಆ ನಾಲ್ಕು ಪುಟದಲ್ಲಿ ಇದೆಯೋ ಅವನಿಗೇ ಅದನ್ನ ಓದೋ ಅವಕಾಶ ಕೊನೆಗೆ.

ಎರಡನೇ ಪತ್ರವನ್ನ ನಾನು ಬರೆಯಲಿಲ್ಲ, ಬರೆಯೋದು ವಕೀಲರ ಕೆಲಸ. ನಾನು ಮಾಡಿದ್ದು ಒಂದೇ. ಪ್ರತಿ ವಾಕ್ಯದ ಪಕ್ಕ ಕೇಳ್ತಾ ಹೋದೆ: ಇದನ್ನ ನೀನು ಮಾಡಿದ್ಯಾ, ಮಾಡಿಸಿದ್ಯಾ? ಮಾಡಿಸಿದೆ ಅಂದರೆ ಯಾರ ಕೈಲಿ? ಅವನಿಗೆ ತುಂಬ ಕಷ್ಟವಾಯ್ತು. ರಾತ್ರಿ ಮೂರಕ್ಕೆ ಎದ್ದು ಸಿಸ್ಟಮ್ ಸರಿಮಾಡಿದ ಸಾಲು ಬಂತು. "ಅದು ಎಷ್ಟು ಸಲ ಆಗಿದೆ?" ಅಂದೆ. ಯೋಚನೆ ಮಾಡಿದ. ವರ್ಷದಲ್ಲಿ ನಾಲ್ಕು ಸಲ. ಉಳಿದ ಸಲ ಎದ್ದಿದ್ದು ಹುಡುಗರು, ಯಾರು ಏಳಬೇಕು ಅನ್ನೋ ಪಟ್ಟಿ ಹಾಕಿದ್ದು ಇವನು. ನಾಲ್ಕು ಸಲ ಮಾಡಿದ್ದನ್ನ ಕಂಪನಿ ನಾಲ್ಕು ಪುಟದಲ್ಲಿ ಹೊಗಳಿತ್ತು. ವರ್ಷ ಪೂರ್ತಿ ನಡೆಸಿದ ಪಟ್ಟಿಯ ಸುದ್ದಿಯೇ ಇರಲಿಲ್ಲ. ಪಟ್ಟಿ ಒಳಗೆ ಬಂತು. ಆ ನಾಲ್ಕು ಸಲವನ್ನ ಮುಚ್ಚಿಡಲಿಲ್ಲ, ಶೇಕಡಾವಾರು ಲೆಕ್ಕದಲ್ಲಿ ಅದು ಎಷ್ಟೋ ಅಷ್ಟೇ ಜಾಗ ಪಡೆಯಿತು.

ಕೈಕೆಳಗೆ ಜನವೇ ಇಲ್ಲದವರ ಗತಿ ಏನು ಅಂತ ಕೆಲವರು ಕೇಳಿದ್ದೀರಿ. ಅದಕ್ಕೂ ಕಾನೂನಿನಲ್ಲಿ ಜಾಗ ಇದೆ, ಫಂಕ್ಷನ್ ಮ್ಯಾನೇಜರ್ ಅಂತಾರೆ. ಮತ್ತೆ ಮದುವೆ ಮನೆ: ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಗಿಸಿಕೊಂಡ ದೊಡ್ಡಪ್ಪ. ಅವರಿಗೆ ಸ್ವಂತ ಆಳುಗಳಿಲ್ಲ, ಆದರೆ ಅವರು ಹೂಂ ಅನ್ನದೆ ಒಂದು ತೆಂಗಿನಕಾಯಿ ಆಚೆ ಬರಲ್ಲ. 2017ರ ನವೆಂಬರಲ್ಲಿ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಇಂಥ ಒಂದು ಪ್ರಕರಣದಲ್ಲಿ, ಅದು ಹಣಕಾಸು ಯೋಜನೆ ನೋಡಿಕೊಳ್ಳುವ ನಿರ್ದೇಶಕರೊಬ್ಬರದ್ದು, ಅಳತೆಗೋಲನ್ನ ಸ್ಪಷ್ಟಪಡಿಸಿತು. ಆ ಕಾರ್ಯ ಏನು ಅಂತ ಗೆರೆ ಹಾಕಿ ತೋರಿಸಬೇಕು, ಅದು ಸಂಸ್ಥೆಗೆ ಅತ್ಯಗತ್ಯ ಆಗಿರಬೇಕು, ಅದನ್ನ ಮುಖ್ಯವಾಗಿ ನಡೆಸಬೇಕು, ಸ್ಥಾನ ಮೇಲಿನದ್ದಾಗಿರಬೇಕು, ದಿನದ ನಿರ್ಧಾರ ಕೈಯಲ್ಲಿರಬೇಕು. ಅಲ್ಲೂ ಅದೇ ಪ್ರಶ್ನೆ, ನಡೆಸ್ತೀರೋ, ನೀವೇ ಮಾಡ್ತೀರೋ?

ಪೀಣ್ಯದಲ್ಲೋ ರಾಜಾಜಿನಗರದಲ್ಲೋ ಚಿಕ್ಕ ಕಾರ್ಖಾನೆ ಇಟ್ಟುಕೊಂಡು ಅಮೆರಿಕದಲ್ಲಿ ಮೂರು ಜನರ ಆಫೀಸು ತೆರೆದವರಿಗೂ ಒಂದು ಮಾತು. ಸಿಬ್ಬಂದಿ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋ ಹಾಗಿಲ್ಲ, ಸಂಸ್ಥೆಯ ಗಾತ್ರ, ಅಗತ್ಯ ನೋಡಬೇಕು ಅಂತ ಕಾನೂನಿದೆ. 2016ರಲ್ಲಿ ಜಪಾನಿ ಮಾತೃಸಂಸ್ಥೆ ಇದ್ದ ಒಂದು ಕಂಪನಿಯ ಪ್ರಕರಣದಲ್ಲಿ, ಜಪಾನಿನಲ್ಲಿ ಕೂತು ಆ ಮ್ಯಾನೇಜರ್‌ಗೋಸ್ಕರ ಕೆಲಸ ಮಾಡೋರನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಅದೇ ಮೇಲ್ಮನವಿ ಕಚೇರಿ ಹೇಳಿತು. ಹಾಗೇ ಪೀಣ್ಯದಲ್ಲಿ ಕೂತು ಕೊಟೇಶನ್ ತಯಾರಿಸೋ ಹುಡುಗಿಯೂ ಲೆಕ್ಕಕ್ಕೆ ಬರಬಹುದು, ಅವಳ ಕೆಲಸದ ಕಾಗದ ಇದ್ದರೆ. ಅಮೆರಿಕದಲ್ಲಿ ಇರೋ ಮನುಷ್ಯನೇ ಕಾರು ಓಡಿಸಿಕೊಂಡು ಹೋಗಿ ಸ್ಯಾಂಪಲ್ ತೋರಿಸಿ ಮಾರಿ ಬರ್ತಿದ್ದರೆ ಮಾತ್ರ ಅವನನ್ನ ಸೇಲ್ಸ್‌ಮ್ಯಾನ್ ಅಂತಾರೆ.

ಈ ಕಾನೂನು ಪೂರ್ತಿ ನ್ಯಾಯವಾಗಿದೆ ಅಂತ ನಾನು ಹೇಳಲ್ಲ. ಮೇಲೊಬ್ಬ, ಕೆಳಗೆ ಮೂವರು, ಅವರ ಕೆಳಗೆ ಹತ್ತು ಅನ್ನೋ ಮೆಟ್ಟಿಲು ಮೆಟ್ಟಿಲಿನ ಕಂಪನಿಗಳನ್ನ ಕಣ್ಣಮುಂದೆ ಇಟ್ಟುಕೊಂಡು 1990ರಲ್ಲಿ ಬರೆದದ್ದು. ಇವತ್ತಿನ ಒಳ್ಳೆಯ ಟೆಕ್ ಮ್ಯಾನೇಜರ್ ಕೋಡ್ ಗೊತ್ತಿಲ್ಲದೆ ತಂಡ ನಡೆಸೋಕೆ ಆಗಲ್ಲ, ಹುಡುಗರು ಬೆಲೆ ಕೊಡಲ್ಲ. ಆದರೂ "ದಿನವಿಡೀ ಏನು ಮಾಡ್ತೀಯಾ ಹೇಳು" ಅನ್ನೋ ಪ್ರಶ್ನೆ ತಪ್ಪಲ್ಲ ಅಂತ ನನಗನ್ನಿಸುತ್ತೆ. ಅದನ್ನ ಯಾವ ಬಾಸೂ ಅವನನ್ನ ಕೇಳಿರಲಿಲ್ಲ.

ಎಂಬತ್ತನೇ ದಿನ ಉತ್ತರ ಹೋಯ್ತು. ಸುಮಾರು ಆರುನೂರು ಪುಟ. 2024ರ ಜನವರಿಯಲ್ಲಿ ಒಪ್ಪಿಗೆ ಬಂತು, ವರ್ಷದ ಕೊನೆಗೆ ಮೂವರಿಗೂ ಗ್ರೀನ್ ಕಾರ್ಡ್. ಅವನ ಅಮ್ಮ ನನಗೆ ಫೋನ್ ಮಾಡಿ, "ನೀನು ಅದೇನೋ ಬರೆದುಕೊಟ್ಟೆಯಂತಲ್ಲಪ್ಪ" ಅಂದರು. ನಾನು ಬರೀಲಿಲ್ಲ ಅಮ್ಮ, ಪ್ರಶ್ನೆ ಕೇಳಿದೆ ಅಷ್ಟೇ ಅಂದೆ. ಅವರಿಗೆ ಅದು ದೊಡ್ಡ ವ್ಯತ್ಯಾಸ ಅನ್ನಿಸಲಿಲ್ಲ.

ಈ ಸೆಪ್ಟೆಂಬರ್ ಗಲಾಟೆಯ ನಂತರ ನನಗೆ ಬಂದ ಫೋನುಗಳಲ್ಲಿ ಒಂದು ಆ ಹನ್ನೊಂದು ಜನರಲ್ಲಿ ಒಬ್ಬನದ್ದು. ಮೂರನೇ ಸೆಮ್ ನೋಡಬೇಡಿ ಅಂದಿದ್ದನಲ್ಲ, ಅವನೇ. ಈಗ ಬೇರೆ ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್. ಮುಂದಿನ ವರ್ಷ ಎಲ್-1ಎ ಮೇಲೆ ಕಳಿಸ್ತಾರಂತೆ, ಆಮೇಲೆ ಇಬಿ-1ಸಿ ಮಾಡಿಸ್ತಾರಂತೆ, ಎಚ್‌ಆರ್ ಮಾತು ಕೊಟ್ಟಿದ್ದಾರೆ. ಖುಷಿಯಲ್ಲಿದ್ದ. ನಿನ್ನ ಕೆಳಗೆ ಎಷ್ಟು ಜನ ಅಂದೆ. "ಹದಿನಾರು, ಸರ್." ಅವರ ರಜೆಗೆ ಒಪ್ಪಿಗೆ ಯಾರು ಕೊಡ್ತಾರೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಪೋರ್ಟಲ್ಲಲ್ಲಿ ನನ್ನ ಹೆಸರಿಲ್ಲ ಸರ್. ಅದು ಪುಣೆಯಲ್ಲಿರೋ ಬೇರೊಬ್ಬರ ಹೆಸರಲ್ಲಿದೆ."

ನಾಳೆ ಬೆಳಿಗ್ಗೆಯೇ ಎಚ್‌ಆರ್ ಹತ್ರ ಹೋಗು ಅಂತ ಹೇಳಿದ್ದೀನಿ.